ರಷ್ಯಾದ ಸಮಾಜವಿಜ್ಞಾನ ಸಂಶೋಧಕರ ಇಂಗ್ಲಿಷ್ ಅನುವಾದ ಪರೀಕ್ಷೆ: ಸಿದ್ಧತೆಯ ಕ್ರಮ

ರಷ್ಯಾದಲ್ಲಿ ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಇತಿಹಾಸ ಮೊದಲಾದ ವಿಷಯಗಳಲ್ಲಿ ಸಂಶೋಧನೆ ಮಾಡುವವರನ್ನು ‘ಅಸ್ಪಿರಾಂತ್’ ಎಂದು ಕರೆಯುತ್ತಾರೆ. ಅವರು ಗುರಿಯಾಗಿಟ್ಟುಕೊಂಡಿರುವ ‘ಕಂದಿದಾತ್ ನಾಊಕ್’ ಪದವಿಯನ್ನು ನಮ್ಮ ಪಿಎಚ್.ಡಿ.ಗೆ ಹೋಲಿಸುವುದು ವಾಡಿಕೆ. ಪ್ರಬಂಧವನ್ನು ಸಲ್ಲಿಸುವುದಕ್ಕೆ ಮುಂಚೆ ಮೂರು ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು: ವಿಜ್ಞಾನದ ಇತಿಹಾಸ ಮತ್ತು ತತ್ತ್ವಶಾಸ್ತ್ರ ಒಂದು, ಆಯ್ದುಕೊಂಡ ವಿಷಯ ಇನ್ನೊಂದು, ವಿದೇಶಿ ಭಾಷೆ ಮೂರನೆಯದು. ಈ ಮೂರನ್ನೂ ಸೇರಿಸಿ ವಿದ್ಯಾರ್ಥಿಗಳ ಬಾಯಲ್ಲಿ ‘ಕಂದಿದಾತ್‌ಸ್ಕಿ ಮೀನಿಮುಮ್’ ಎನ್ನುತ್ತಾರೆ. ವಿದೇಶಿ ಭಾಷೆ ಎಂದರೆ ಬಹುಪಾಲು ಜನರಿಗೆ ಇಂಗ್ಲಿಷ್. ಇಂಗ್ಲಿಷ್ ಪರೀಕ್ಷೆ ಎಂದರೆ ಮುಖ್ಯವಾಗಿ ಅನುವಾದ.

ಕನ್ನಡದ ಓದುಗರಿಗೆ ಇದರಿಂದ ಏನು ಪ್ರಯೋಜನವೆಂಬ ಪ್ರಶ್ನೆ ಸಹಜ. ರಷ್ಯಾದ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆಗೆ ಸೇರುವ ನಮ್ಮವರು ಕೆಲವರಾದರೂ ಇದ್ದಾರೆ. ಅವರು ಮೊದಲು ವಿಚಾರಿಸಬೇಕಾದದ್ದು ತಮ್ಮ ಸಂಸ್ಥೆಯಲ್ಲಿ ವಿದೇಶಿಯರ ಪಾಲಿಗೆ ಪರೀಕ್ಷೆಯ ಭಾಷೆ ಯಾವುದು ಎಂಬುದನ್ನು, ಏಕೆಂದರೆ ರಷ್ಯನ್ ತಾಯ್ನುಡಿಯಲ್ಲದವರು ರಷ್ಯನ್ನನ್ನೇ ವಿದೇಶಿ ಭಾಷೆಯಾಗಿ ಬರೆಯುವ ಪದ್ಧತಿಯೂ ಇದೆ. ರಷ್ಯನ್ ಗೆಳೆಯರಿಗೆ ಇಂಗ್ಲಿಷ್ ಹೇಳಿಕೊಡುವವರಿಗೂ ಇದು ಬೇಕಾಗುತ್ತದೆ. ಇವರೆಲ್ಲರಿಗಿಂತ ದೊಡ್ಡದಾದ ಇನ್ನೊಂದು ಗುಂಪಿದೆ: ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಪ್ರಬಂಧ ಬರೆಯುವ ನಮ್ಮ ಸಮಾಜವಿಜ್ಞಾನದ ಸಂಶೋಧಕರು. ರಷ್ಯನ್ ಪರೀಕ್ಷಾರ್ಥಿ ಎಡವುವ ಜಾಗಗಳಲ್ಲಿ ಹಲವು ಕಡೆ ಅವರೂ ಎಡವುತ್ತಾರೆ.

ಮೊದಲೇ ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಈ ಪರೀಕ್ಷೆಯನ್ನು ಇಂಗ್ಲಿಷ್ ಪರೀಕ್ಷೆಯೆಂದು ತಿಳಿದು ಪದಗಳನ್ನು ಉರುಹೊಡೆಯುವವರು ಹೆಚ್ಚು ಕಷ್ಟಪಡುತ್ತಾರೆ. ಇಲ್ಲಿ ತೂಗಿ ನೋಡುವುದು ಎರಡನ್ನು: ಇಂಗ್ಲಿಷ್ ವಾಕ್ಯದ ಕಟ್ಟಡವನ್ನು ಬಿಚ್ಚಿ ನೋಡುವ ಕಣ್ಣನ್ನು, ಬಿಚ್ಚಿದ್ದನ್ನು ತಾಯ್ನುಡಿಯ ಜಾಯಮಾನಕ್ಕೆ ಒಗ್ಗಿಸಿ ಬರೆಯುವ ಕೈಯನ್ನು. ಅಂಕ ಹೆಚ್ಚಾಗಿ ಸೋರಿಹೋಗುವುದು ಎರಡನೆಯದರಲ್ಲಿ.

ಪರೀಕ್ಷೆಯ ಸ್ವರೂಪವನ್ನು ಮೊದಲು ತಿಳಿಯಿರಿ

2007ರಲ್ಲಿ ರಷ್ಯಾದ ಶಿಕ್ಷಣ ಮತ್ತು ವಿಜ್ಞಾನ ಸಚಿವಾಲಯವು ಈ ಪರೀಕ್ಷೆಗಳ ಪಠ್ಯಕ್ರಮಕ್ಕೆ ಅನುಮೋದನೆ ನೀಡಿತು. ಪರೀಕ್ಷೆ ನಡೆಸುವ ವಿಧಿವಿಧಾನದ ಆದೇಶ ಹೊರಟಿದ್ದು 2014ರಲ್ಲಿ. ಆಮೇಲೆ ಸಂಶೋಧನಾ ಪದವಿಯ ನಿಯಮಗಳು ಬದಲಾಗಿವೆ, ಸಂಸ್ಥೆಗಳಿಗೆ ತಮ್ಮ ಪಠ್ಯಕ್ರಮವನ್ನು ತಾವೇ ರೂಪಿಸಿಕೊಳ್ಳುವ ಅವಕಾಶವೂ ಇದೆ. ಆದರೂ ಅನೇಕ ಕಡೆ ಹಳೆಯ ಚೌಕಟ್ಟೇ ಉಳಿದುಕೊಂಡಿದೆ. ಆದ್ದರಿಂದ ಮೊದಲ ಹೆಜ್ಜೆಯೆಂದರೆ ನಿಮ್ಮ ಸಂಸ್ಥೆಯ ವಿದೇಶಿ ಭಾಷಾ ವಿಭಾಗದಿಂದ ಆ ವರ್ಷದ ಪಠ್ಯಕ್ರಮದ ಪ್ರತಿಯನ್ನು ಪಡೆದುಕೊಳ್ಳುವುದು. ಹಿಂದಿನ ವರ್ಷ ಪಾಸಾದವರ ಮಾತನ್ನು ಮಾತ್ರ ನೆಚ್ಚಿಕೊಳ್ಳಬೇಡಿ.

ಆ ಚೌಕಟ್ಟಿನಂತೆ ಪರೀಕ್ಷೆಗೆ ಎರಡು ಹಂತ. ಮೊದಲ ಹಂತದಲ್ಲಿ ಸಂಶೋಧನಾ ವಿಷಯಕ್ಕೆ ಸೇರಿದ 15,000 ಅಚ್ಚಿನ ಚಿಹ್ನೆಗಳ ಇಂಗ್ಲಿಷ್ ಪಠ್ಯವನ್ನು ರಷ್ಯನ್ನಿಗೆ ಅನುವಾದಿಸಿ ಒಪ್ಪಿಸಬೇಕು. ಇದು ಮನೆಯಲ್ಲಿ ಕುಳಿತು ಮಾಡುವ ಕೆಲಸ. ಇದು ಸಮಾಧಾನಕರವೆನಿಸಿದರೆ ಮಾತ್ರ ಎರಡನೆಯ ಹಂತಕ್ಕೆ ಪ್ರವೇಶ. ಎರಡನೆಯ ಹಂತದಲ್ಲಿ ಮೂರು ಕೆಲಸಗಳಿವೆ. 2,500ರಿಂದ 3,000 ಚಿಹ್ನೆಗಳ ಪಠ್ಯವನ್ನು 45ರಿಂದ 60 ನಿಮಿಷಗಳಲ್ಲಿ ಆಳವಾಗಿ ಓದಬೇಕು. ಇದನ್ನು ನಿಘಂಟಿನ ಸಹಾಯದಿಂದ ಲಿಖಿತವಾಗಿ ಅನುವಾದಿಸುವಂತೆ ಕೇಳುವ ವಿಶ್ವವಿದ್ಯಾಲಯಗಳು ಬಹಳ. 1,000ರಿಂದ 1,500 ಚಿಹ್ನೆಗಳ ಇನ್ನೊಂದು ಪಠ್ಯದ ಮೇಲೆ ಎರಡು ಮೂರು ನಿಮಿಷ ಕಣ್ಣಾಡಿಸಿ ಸಾರವನ್ನು ಹೇಳಬೇಕು. ಕೊನೆಗೆ ತಮ್ಮ ಸಂಶೋಧನೆಯ ಬಗ್ಗೆ ಪರೀಕ್ಷಕರೊಂದಿಗೆ ಇಂಗ್ಲಿಷಿನಲ್ಲಿ ಮಾತನಾಡಬೇಕು.

ಇಲ್ಲಿ ಚಿಹ್ನೆ ಎಂದರೆ ಅಕ್ಷರ, ಅಂಕಿ, ವಿರಾಮಚಿಹ್ನೆ ಎಲ್ಲವೂ. ಪದಗಳನ್ನು ಎಣಿಸಿ ರೂಢಿಯಿರುವ ನಮಗೆ ಇದು ವಿಚಿತ್ರವಾಗಿ ಕಾಣುತ್ತದೆ, ಆದರೆ ರಷ್ಯಾದಲ್ಲಿ ಅನುವಾದವನ್ನು ಅಳೆಯುವುದೇ ಹೀಗೆ. ವೃತ್ತಿಪರ ಅನುವಾದಕರ ಒಂದು ಪುಟ ಎಂದರೆ ಖಾಲಿ ಜಾಗವೂ ಸೇರಿ 1,800 ಚಿಹ್ನೆ. ಆ ಲೆಕ್ಕದಲ್ಲಿ 15,000 ಎಂದರೆ ಎಂಟು ಪುಟಕ್ಕಿಂತ ತುಸು ಹೆಚ್ಚು, ಇಂಗ್ಲಿಷಿನಲ್ಲಿ ಸುಮಾರು 2,500 ಪದಗಳು. ಪದವಿ ತರಗತಿಯಿಂದಲೇ ವಿದ್ಯಾರ್ಥಿಗಳು ತರಗತಿಯ ಹೊರಗೆ ಇಂತಿಷ್ಟು ಸಾವಿರ ಚಿಹ್ನೆ ಓದಿ ಅಧ್ಯಾಪಕರಿಗೆ ಒಪ್ಪಿಸುವ ಪದ್ಧತಿಯಿದೆ. ಅದಕ್ಕೆ ಅವರು ‘ತೀಸ್ಯಚಿ’, ಅಂದರೆ ‘ಸಾವಿರಗಳು’ ಎಂದೇ ಹೆಸರಿಟ್ಟಿದ್ದಾರೆ. “ಸಾವಿರಗಳನ್ನು ಒಪ್ಪಿಸಿದೆಯಾ?” ಎಂಬ ಪ್ರಶ್ನೆ ಅಲ್ಲಿಯ ಹಾಸ್ಟೆಲಿನಲ್ಲಿ ದುಡ್ಡಿನ ಮಾತಲ್ಲ.

ಸಂಶೋಧನಾ ಹಂತದಲ್ಲಿ ಈ ಓದಿನ ಗುರಿ 6,00,000ದಿಂದ 7,50,000 ಚಿಹ್ನೆ, ಅಂದರೆ ಪುಟಕ್ಕೆ 2,500 ಚಿಹ್ನೆಯ ಲೆಕ್ಕದಲ್ಲಿ 240ರಿಂದ 300 ಪುಟ. ಪದಸಂಪತ್ತು 5,500ಕ್ಕೆ ಕಡಿಮೆಯಿರಬಾರದು, ಅದರಲ್ಲಿ 500ರಷ್ಟು ಆಯಾ ವಿಷಯದ ಪರಿಭಾಷೆಯಾಗಿರಬೇಕು ಎಂದು 2007ರ ಪಠ್ಯಕ್ರಮ ಹೇಳುತ್ತದೆ. ಸಂಖ್ಯೆ ನೋಡಿ ಹೆದರುವ ಅಗತ್ಯವಿಲ್ಲ. ಹತ್ತು ತಿಂಗಳು ದಿನಕ್ಕೊಂದು ಪುಟ ಓದಿದರೆ 300 ಪುಟ ಮುಗಿಯುತ್ತದೆ. ಕೊನೆಯ ತಿಂಗಳಿಗೆ ರಾಶಿ ಹಾಕಿಕೊಂಡರೆ ಯಾರಿಗೂ ಮುಗಿಯುವುದಿಲ್ಲ.

ಪಠ್ಯದ ಆಯ್ಕೆ

ಮೊದಲ ಹಂತದ ಪಠ್ಯವನ್ನು ಸಾಮಾನ್ಯವಾಗಿ ಪರೀಕ್ಷಾರ್ಥಿಯೇ ಆರಿಸಿ, ಮಾರ್ಗದರ್ಶಕರ ಒಪ್ಪಿಗೆ ಪಡೆಯುತ್ತಾನೆ. ಇಂಗ್ಲಿಷ್ ತಾಯ್ನುಡಿಯಾಗಿರುವವರು ಬರೆದದ್ದು, ಈಚಿನ ವರ್ಷಗಳದ್ದು, ಈವರೆಗೆ ರಷ್ಯನ್ನಿಗೆ ಬಾರದೆ ಇರುವಂಥದ್ದು ಎಂಬ ಮೂರು ಷರತ್ತುಗಳನ್ನು ವಿಭಾಗಗಳು ಹಾಕುವುದುಂಟು. ನಾನು ನಾಲ್ಕನೆಯದೊಂದನ್ನು ಸೇರಿಸುತ್ತೇನೆ: ನಿಮ್ಮ ಪ್ರಬಂಧದ ಒಂದು ಅಧ್ಯಾಯಕ್ಕೆ ಹೇಗಿದ್ದರೂ ಓದಲೇಬೇಕಾದ ಪುಸ್ತಕವನ್ನೇ ಆರಿಸಿ. ಎಂಟು ಪುಟಗಳ ಅನುವಾದ ಹದಿನೈದು ದಿನ ತಿನ್ನುವ ಕೆಲಸ. ಆ ಶ್ರಮ ಪ್ರಬಂಧಕ್ಕೂ ಒದಗಲಿ.

ಪುಸ್ತಕದ ಮುನ್ನುಡಿಯನ್ನು ಆರಿಸಬೇಡಿ. ಕೃತಜ್ಞತೆ, ಚಟಾಕಿ, ಸಮಕಾಲೀನರ ಮೇಲಿನ ಕೊಂಕು ಮುನ್ನುಡಿಯಲ್ಲಿ ತುಂಬಿರುತ್ತವೆ, ಅವು ಅನುವಾದಕ್ಕೆ ಕಬ್ಬಿಣದ ಕಡಲೆ. ಕೋಷ್ಟಕಗಳಿಂದ ತುಂಬಿದ ಭಾಗವೂ ಬೇಡ, ಅಲ್ಲಿ ಚಿಹ್ನೆಗಳ ಲೆಕ್ಕವೇ ತಕರಾರಾಗುತ್ತದೆ. ಒಂದು ವಾದವು ಆರಂಭವಾಗಿ ಮುಗಿಯುವ ಪೂರ್ಣ ಭಾಗವನ್ನು ಹಿಡಿಯಿರಿ. ಮೂಲದ ಶೀರ್ಷಿಕೆ ಪುಟದ ಪ್ರತಿ, ಅನುವಾದಿಸಿದ ಪುಟಗಳ ಪ್ರತಿ, ಜೊತೆಗೆ ಒಂದು ಪದಪಟ್ಟಿ, ಇವನ್ನು ಒಟ್ಟಿಗೆ ಹೊಲಿದು ಕೊಡುವುದು ರೂಢಿ.

ಯಂತ್ರಾನುವಾದದ ಬಗ್ಗೆ ಒಂದು ಮಾತು. ಎಂಟು ಪುಟವನ್ನು ಯಂತ್ರಕ್ಕೆ ಕೊಟ್ಟು ಹೊರಬಂದದ್ದನ್ನು ಮೇಲಿಂದ ಮೇಲೆ ತಿದ್ದಿ ಒಪ್ಪಿಸುವುದು ಇಂದು ಐದು ನಿಮಿಷದ ಕೆಲಸ. ಆದರೆ ಪರೀಕ್ಷಕರು ನಡುವಿನ ಯಾವುದೋ ಒಂದು ಪುಟ ತೆರೆದು “ಈ ವಾಕ್ಯದ ಕರ್ತೃಪದ ಯಾವುದು?” ಎಂದು ಕೇಳಿಯಾರು. ಎರಡನೆಯ ಹಂತದ ಕೋಣೆಯಲ್ಲಂತೂ ನಿಮ್ಮೆದುರಿಗೆ ಒಂದು ಹಾಳೆ, ಒಂದು ಮುದ್ರಿತ ನಿಘಂಟು, ಒಂದು ಗಡಿಯಾರ, ಇಷ್ಟೇ. ಮೊದಲ ಹಂತದ ಎಂಟು ಪುಟ ಎರಡನೆಯ ಹಂತದ ಗರಡಿಮನೆ. ಅಲ್ಲಿ ಬೇರೆಯವರಿಂದ ಸಾಮು ಮಾಡಿಸಿದರೆ ಮೈ ಬೆಳೆಯುವುದಿಲ್ಲ.

ವಾಕ್ಯವನ್ನು ಬಿಡಿಸುವ ಬಗೆ

ಸಮಾಜವಿಜ್ಞಾನದ ಇಂಗ್ಲಿಷಿನಲ್ಲಿ ಕಷ್ಟವಿರುವುದು ಪದಗಳಲ್ಲಿ ಅಲ್ಲ, ಪದಗಳನ್ನು ಜೋಡಿಸಿರುವ ರೀತಿಯಲ್ಲಿ. ಅಭ್ಯಾಸಕ್ಕೆಂದು ನಾನೇ ಕಟ್ಟಿದ ಒಂದು ವಾಕ್ಯವನ್ನು ತೆಗೆದುಕೊಳ್ಳೋಣ: “ದ ಪಾಲಿಸಿ ಈಸ್ ವೈಡ್ಲಿ ಬಿಲೀವ್ಡ್ ಟು ಹ್ಯಾವ್ ಫೇಲ್ಡ್ ಟು ರೀಚ್ ದ ರೂರಲ್ ಪೂರ್, ಹೂಸ್ ಇನ್‌ಕಮ್ಸ್, ಮೆಶರ್ಡ್ ಬೈ ಹೌಸ್‌ಹೋಲ್ಡ್ ಸರ್ವೆ ಡೇಟಾ, ಹ್ಯಾಡ್ ರಿಸನ್ ಓನ್ಲಿ ಮಾರ್ಜಿನಲಿ ಬೈ 1999.”

ನಿಘಂಟನ್ನು ಮುಟ್ಟುವ ಮೊದಲು ಪೆನ್ಸಿಲ್ ಹಿಡಿದು ಕ್ರಿಯಾಪದಗಳಿಗೆ ಗೆರೆ ಎಳೆಯಿರಿ. ಪೂರ್ಣ ಕ್ರಿಯಾಪದಗಳು ಇಲ್ಲಿ ಎರಡೇ: ‘ಈಸ್ ಬಿಲೀವ್ಡ್’, ‘ಹ್ಯಾಡ್ ರಿಸನ್’. ‘ಮೆಶರ್ಡ್’ ಎಂಬುದು ನೋಡಲು ಕ್ರಿಯಾಪದದಂತಿದ್ದರೂ ಅದು ಆದಾಯದ ವಿಶೇಷಣ. ಎರಡು ಕ್ರಿಯಾಪದಗಳೆಂದರೆ ಎರಡು ವಾಕ್ಯಾಂಶಗಳು, ಎರಡಕ್ಕೂ ಒಂದೊಂದು ಕರ್ತೃಪದ. ಮೊದಲನೆಯದರ ಕರ್ತೃ ನೀತಿ, ಎರಡನೆಯದರದು ಆದಾಯ.

ಇನ್ನು ‘ನೀತಿಯು ನಂಬಲ್ಪಟ್ಟಿದೆ’ ಎಂದು ಯಾರೂ ಬರೆಯಬಾರದು, ರಷ್ಯನ್ನಿನಲ್ಲೂ ಬರೆಯಬಾರದು, ಕನ್ನಡದಲ್ಲೂ ಬರೆಯಬಾರದು. ನಂಬುವವರು ಜನ, ಇಂಗ್ಲಿಷ್ ಅವರನ್ನು ಅಡಗಿಸಿಟ್ಟಿದೆ. ರಷ್ಯನ್ನಿನಲ್ಲಿ ಇದು ‘ಪ್ರೀನ್ಯತೊ ಶ್ಚಿತಾತ್, ಶ್ತೊ…’ ಎಂದು ಆರಂಭವಾಗುತ್ತದೆ, ಅಂದರೆ ‘ಹೀಗೆಂದು ಭಾವಿಸುವುದು ರೂಢಿ’ ಎಂದು. ‘ಫೇಲ್ಡ್ ಟು ರೀಚ್’ ಎಂಬಲ್ಲಿ ಸೋಲು ಗೆಲುವುಗಳೇನೂ ಇಲ್ಲ. ತಲುಪಲಿಲ್ಲ ಎಂಬುದಷ್ಟೇ ಅರ್ಥ. ‘ತಲುಪುವಲ್ಲಿ ವಿಫಲವಾಯಿತು’ ಎಂಬ ಪ್ರಯೋಗ ಕನ್ನಡ ಪತ್ರಿಕೆಗಳಲ್ಲಿ ಬೇರೂರಿಬಿಟ್ಟಿದೆ, ರಷ್ಯನ್ ಪರೀಕ್ಷಾರ್ಥಿಗಳೂ ಅದೇ ಜಾಡಿನಲ್ಲಿ ‘ತಲುಪುವಿಕೆಯಲ್ಲಿ ಅಪಜಯ ಹೊಂದಿತು’ ಎಂದು ಬರೆಯುತ್ತಾರೆ. ರಷ್ಯನ್ನಿನಲ್ಲಿ ‘ನೆ ದಶ್ಲಾ’, ‘ತಲುಪಲಿಲ್ಲ’, ಎಂದರೆ ಸಾಕು. ಇಡೀ ವಾಕ್ಯವನ್ನು ಕನ್ನಡದಲ್ಲಿ ಹೇಳುವುದಾದರೆ: “ಈ ನೀತಿ ಹಳ್ಳಿಗಾಡಿನ ಬಡವರನ್ನು ತಲುಪಲಿಲ್ಲವೆಂಬುದು ಹಲವರ ಅಭಿಪ್ರಾಯ, ಕುಟುಂಬ ಸಮೀಕ್ಷೆಗಳ ಪ್ರಕಾರ 1999ರ ಹೊತ್ತಿಗೆ ಅವರ ಆದಾಯ ಹೆಚ್ಚಿದ್ದು ಅತ್ಯಲ್ಪ.”

ನಾಮಪದಗಳ ಸರಪಳಿ ಇನ್ನೊಂದು ತೊಡಕು. ‘ಪಬ್ಲಿಕ್ ಸೆಕ್ಟರ್ ವೇಜ್ ಪಾಲಿಸಿ ರಿಫಾರ್ಮ್’ ಎಂಬಲ್ಲಿ ಐದು ಪದಗಳು ಯಾವ ವಿಭಕ್ತಿಯೂ ಇಲ್ಲದೆ ಸಾಲಾಗಿ ನಿಂತಿವೆ. ಕನ್ನಡದವರಿಗೆ ಇದು ಸುಲಭ: ಸಾರ್ವಜನಿಕ ವಲಯದ ವೇತನ ನೀತಿಯ ಸುಧಾರಣೆ. ಕ್ರಮ ಬದಲಾಗಲಿಲ್ಲ, ಷಷ್ಠಿ ಸೇರಿಸಿದೆವು ಅಷ್ಟೇ. ರಷ್ಯನ್ನಿನಲ್ಲಿ ಸರಪಳಿಯನ್ನು ಬಾಲದಿಂದ ಹಿಡಿದು ಎಳೆಯಬೇಕು: ಮೊದಲು ಸುಧಾರಣೆ, ಆಮೇಲೆ ನೀತಿ, ಆಮೇಲೆ ವೇತನ, ಕೊನೆಗೆ ವಲಯ. ‘ರೆಫೋರ್ಮಾ ಪಲೀತಿಕಿ ಅಪ್ಲಾತಿ ತ್ರುದಾ ವ್ ಗಸುದಾರ್‌ಸ್ತ್ವೆನ್ನಮ್ ಸೇಕ್ತರೆ.’ ಸರಪಳಿ ಎದುರಾದಾಗಲೆಲ್ಲ ಕೊನೆಯ ಪದಕ್ಕೆ ವೃತ್ತ ಹಾಕಿ ಅಲ್ಲಿಂದ ಹಿಂದಕ್ಕೆ ನಡೆಯುವ ಅಭ್ಯಾಸ ಮಾಡಿಕೊಂಡರೆ ಗೊಂದಲವಾಗುವುದಿಲ್ಲ.

‘ಎ’ ಮತ್ತು ‘ದ’ ಎಂಬ ಉಪಪದಗಳು ರಷ್ಯನ್ನಿನಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ. ಇಲ್ಲವೆಂದು ಅವನ್ನು ಬಿಟ್ಟುಬಿಟ್ಟರೆ ಅರ್ಥವೂ ಬಿಟ್ಟುಹೋಗುತ್ತದೆ. ಎರಡೂ ಭಾಷೆಗಳು ಆ ಕೆಲಸವನ್ನು ಪದಕ್ರಮದಿಂದ, ‘ಒಬ್ಬ’, ‘ಆ’ ಎಂಬಂಥ ಪದಗಳಿಂದ ಮಾಡಿಸುತ್ತವೆ: “ಕೋಣೆಗೆ ಒಬ್ಬ ಮನುಷ್ಯ ಬಂದ” ಎಂದರೆ ಹೊಸಬ, “ಆ ಮನುಷ್ಯ ಕೋಣೆಗೆ ಬಂದ” ಎಂದರೆ ನಮಗೆ ಆಗಲೇ ಗೊತ್ತಿರುವವ. ರಷ್ಯನ್ನಿನಲ್ಲಿ ಹೊಸ ಸಂಗತಿ ವಾಕ್ಯದ ಕೊನೆಗೆ ಸರಿಯುತ್ತದೆ. ಆದ್ದರಿಂದ “ಎ ಸಿಗ್ನಿಫಿಕೆಂಟ್ ರಿಲೇಶನ್‌ಶಿಪ್ ವಾಸ್ ಫೌಂಡ್ ಬಿಟ್ವೀನ್ ಎಜುಕೇಶನ್ ಅಂಡ್ ಟರ್ನ್‌ಔಟ್” ಎಂಬುದು ಅಲ್ಲಿ ‘ಶಿಕ್ಷಣ ಮತ್ತು ಮತದಾನದ ಪ್ರಮಾಣದ ನಡುವೆ’ ಎಂದು ಆರಂಭವಾಗಿ ‘ಸಂಬಂಧ’ದಲ್ಲಿ ಮುಗಿಯಬೇಕು. ಕನ್ನಡದಲ್ಲೂ ನಾವು ಹೇಳುವುದು ಹೀಗೆಯೇ: “ಶಿಕ್ಷಣ ಮತ್ತು ಮತದಾನದ ಪ್ರಮಾಣದ ನಡುವೆ ಗಣನೀಯ ಸಂಬಂಧ ಕಂಡುಬಂದಿದೆ.” ಇಂಗ್ಲಿಷಿನ ಸಾಲನ್ನೇ ಅನುಸರಿಸಿ ‘ಸಂಬಂಧ’ವನ್ನು ಮುಂದೆ ತಂದರೆ ವ್ಯಾಕರಣದ ತಪ್ಪೇನೂ ಆಗುವುದಿಲ್ಲ, ಆದರೆ ಓದುವ ರಷ್ಯನ್ನನಿಗೆ ಇದು ಅನುವಾದವೆಂಬುದು ಮೊದಲ ಪದದಲ್ಲೇ ತಿಳಿದುಹೋಗುತ್ತದೆ.

‘ಇಂಗ್’ನಲ್ಲಿ ಮುಗಿಯುವ ರೂಪಗಳ ಬಗ್ಗೆಯೂ ಎಚ್ಚರ ಬೇಕು. “ವಿತ್ ಪ್ರೈಸಸ್ ರೈಸಿಂಗ್, ದ ಯೂನಿಯನ್ಸ್ ಡಿಮ್ಯಾಂಡೆಡ್…” ಎಂಬಲ್ಲಿ ಏರುವುದು ಬೆಲೆ, ಬೇಡಿಕೆಯಿಡುವುದು ಸಂಘಗಳು. ರಷ್ಯನ್ನಿನ ಕ್ರಿಯಾನ್ಯೂನವು, ಅಂದರೆ ‘ನೋಡುತ್ತಾ’ ಎಂಬಂಥ ಅಪೂರ್ಣ ಕ್ರಿಯಾರೂಪವು, ಮುಖ್ಯ ಕ್ರಿಯೆಯ ಕರ್ತೃವಿಗೇ ಸೇರಬೇಕೆಂಬ ನಿಯಮವಿದೆ. ಅದನ್ನು ಮೀರಿದರೆ ಏನಾಗುತ್ತದೆ ಎಂಬುದಕ್ಕೆ ಚೆಖೋವನ ನಗೆಬರಹದ ಒಂದು ಸಾಲು ರಷ್ಯಾದ ಶಾಲಾಮಕ್ಕಳಿಗೂ ಗೊತ್ತು: ರೈಲು ನಿಲ್ದಾಣದ ದೂರು ಪುಸ್ತಕದಲ್ಲಿ ಒಬ್ಬಾತ, ನಿಲ್ದಾಣವನ್ನು ಸಮೀಪಿಸುತ್ತಾ, ಕಿಟಕಿಯಿಂದ ಪ್ರಕೃತಿಯನ್ನು ನೋಡುತ್ತಾ ತನ್ನ ಟೋಪಿ ಹಾರಿಹೋಯಿತು ಎಂದು ಬರೆದಿರುತ್ತಾನೆ. ಪ್ರಕೃತಿಯನ್ನು ನೋಡುತ್ತಿದ್ದದ್ದು ಟೋಪಿಯೇ ಎಂಬ ನಗು ಕನ್ನಡದಲ್ಲೂ ಹಾಗೇ ಉಳಿಯುತ್ತದೆ. ಇಂಥ ಕಡೆ ‘ಬೆಲೆಗಳು ಏರುತ್ತಿದ್ದುದರಿಂದ’ ಎಂದು ಪೂರ್ಣ ವಾಕ್ಯಾಂಶ ಮಾಡಿಬಿಡುವುದು ಕ್ಷೇಮ.

ಗೆಳೆಯರ ವೇಷದ ಪದಗಳು

ಎರಡು ಭಾಷೆಗಳಲ್ಲಿ ಒಂದೇ ಉಚ್ಚಾರಣೆ, ಬೇರೆ ಅರ್ಥ ಇರುವ ಪದಗಳನ್ನು ರಷ್ಯನ್ನರು ‘ಅನುವಾದಕನ ಸುಳ್ಳು ಗೆಳೆಯರು’ ಎನ್ನುತ್ತಾರೆ. ಸಮಾಜವಿಜ್ಞಾನದಲ್ಲಿ ಇಂಥವರ ದಂಡೇ ಇದೆ, ಏಕೆಂದರೆ ರಷ್ಯನ್ ಪರಿಭಾಷೆಯ ದೊಡ್ಡ ಪಾಲು ಲ್ಯಾಟಿನ್ ಮೂಲದ್ದು.

ಎಲ್ಲಕ್ಕಿಂತ ಅಪಾಯಕಾರಿ ಪದ ‘ನ್ಯಾಷನಾಲಿಟಿ’. ಇಂಗ್ಲಿಷಿನಲ್ಲಿ ಅದಕ್ಕೆ ಸಾಮಾನ್ಯವಾಗಿ ಪೌರತ್ವ ಎಂದರ್ಥ. ರಷ್ಯನ್ನಿನ ‘ನತ್ಸಿಯನಾಲ್ನಸ್ತ್’ ಎಂದರೆ ಜನಾಂಗ ಮೂಲ: ತಾತಾರ್, ಯೆಹೂದಿ, ಅರ್ಮೇನಿಯನ್, ರಷ್ಯನ್ ಇತ್ಯಾದಿ. ಸೋವಿಯತ್ ಕಾಲದ ಒಳನಾಡು ಪಾಸ್‌ಪೋರ್ಟಿನಲ್ಲಿ ಈ ವಿವರಕ್ಕೆ ಪ್ರತ್ಯೇಕ ಜಾಗವಿತ್ತು. ವಲಸೆಯ ಕುರಿತ ಲೇಖನದಲ್ಲಿ ಈ ಒಂದು ಪದ ತಪ್ಪಿದರೆ ಲೇಖನದ ವಾದವೇ ತಲೆಕೆಳಗಾಗುತ್ತದೆ. ಪೌರತ್ವಕ್ಕೆ ‘ಗ್ರಜ್ದಾನ್‌ಸ್ತ್ವೊ’ ಎಂಬ ಬೇರೆ ಪದವೇ ಇದೆ. ‘ಡಿಕೇಡ್’ ಎಂದರೆ ಹತ್ತು ವರ್ಷ, ರಷ್ಯನ್ನಿನ ‘ದೆಕಾದಾ’ ಎಂದರೆ ಹತ್ತು ದಿನ. ‘ಎವಿಡೆನ್ಸ್’ ಎಂಬುದನ್ನು ಕಣ್ಣುಮುಚ್ಚಿ ‘ಸಾಬೀತು’ ಎಂಬರ್ಥದ ಪದಕ್ಕೆ ತಿರುಗಿಸುತ್ತಾರೆ. ಸಂಶೋಧಕ ಹೇಳಿದ್ದು ‘ಸಿಕ್ಕಿರುವ ದತ್ತಾಂಶ’ ಎಂದಷ್ಟೇ ಆಗಿರುತ್ತದೆ. ‘ಅನೆಕ್ಡೋಟಲ್ ಎವಿಡೆನ್ಸ್’ ಇನ್ನೂ ಮೋಜಿನದು: ರಷ್ಯನ್ನಿನಲ್ಲಿ ‘ಅನೆಕ್ದೋತ್’ ಎಂದರೆ ನಗೆಹನಿ. ಬಿಡಿ ಪ್ರಸಂಗಗಳಿಂದ ಸಿಕ್ಕ ಮಾಹಿತಿ ಎಂಬುದು ನಗೆಹನಿಗಳ ಪುರಾವೆಯಾಗಿ ಮಾರ್ಪಟ್ಟ ಉತ್ತರಪತ್ರಿಕೆಯನ್ನು ಪರೀಕ್ಷಕರು ನಗುತ್ತಲೇ ಕೆಂಪು ಮಾಡುತ್ತಾರೆ.

‘ಸಿಗ್ನಿಫಿಕೆಂಟ್’ ಎಂಬುದು ಸಂಖ್ಯಾಶಾಸ್ತ್ರದ ಸಂದರ್ಭದಲ್ಲಿ ಬಂದರೆ ‘ಜ್ನಾಚಿಮಿ’, ದೊಡ್ಡ ಪ್ರಮಾಣದ ಎಂಬರ್ಥದಲ್ಲಿ ಬಂದರೆ ‘ಜ್ನಚೀತೆಲ್ನಿ’. ಎರಡು ಪದಗಳೂ ಒಂದೇ ಧಾತುವಿನ ಮಕ್ಕಳು, ಆದರೆ ಸಮೀಕ್ಷೆಯಲ್ಲಿ ಅತಿ ಸಣ್ಣ ವ್ಯತ್ಯಾಸವೂ ಮೊದಲನೆಯ ಅರ್ಥದಲ್ಲಿ ಗಣ್ಯವಾಗಿರಬಹುದು. ‘ಪಾಲಿಸಿ’ ಮತ್ತು ‘ಪಾಲಿಟಿಕ್ಸ್’ ಎರಡಕ್ಕೂ ರಷ್ಯನ್ನಿನಲ್ಲಿರುವುದು ‘ಪಲೀತಿಕಾ’ ಒಂದೇ. ನಮ್ಮಲ್ಲಿ ನೀತಿ, ರಾಜಕೀಯ ಎಂದು ಬೇರೆ ಮಾಡಬಹುದು; ಅಲ್ಲಿ ವಿಶೇಷಣ ಸೇರಿಸಿಯೋ ವಾಕ್ಯ ಬದಲಿಸಿಯೋ ವ್ಯತ್ಯಾಸವನ್ನು ತೋರಿಸಬೇಕು. ‘ಸ್ಟೇಟ್’ ಎಂಬ ಪದದಲ್ಲಿ ನಮ್ಮದೂ ಅವರದೂ ಒಂದೇ ಪಾಡು. ಸಿದ್ಧಾಂತದ ಬರಹದಲ್ಲಿ ಅದು ನಮಗೆ ಪ್ರಭುತ್ವ, ಅವರಿಗೆ ‘ಗಸುದಾರ್‌ಸ್ತ್ವೊ’. ಒಕ್ಕೂಟದ ಒಂದು ಘಟಕವಾದರೆ ನಮಗೆ ರಾಜ್ಯ, ಅವರಿಗೆ ‘ಶ್ತಾತ್’. ಕರ್ನಾಟಕವನ್ನು ರಷ್ಯನ್ ಭೂಪಟಗಳು ‘ಶ್ತಾತ್ ಕರ್ನಾಟಕಾ’ ಎಂದೇ ಕರೆಯುತ್ತವೆ. ಭಾರತದ ಬಗೆಗಿನ ಇಂಗ್ಲಿಷ್ ಲೇಖನವೊಂದರಲ್ಲಿ ಎರಡೂ ಅರ್ಥಗಳು ಒಂದೇ ಪ್ಯಾರಾದಲ್ಲಿ ಬರುವುದು ತೀರಾ ಸಾಮಾನ್ಯ, ಆದ್ದರಿಂದ ಪ್ರತಿ ಸಲವೂ ನಿಂತು ನೋಡಬೇಕು.

ಇವನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಮೂರು ಅಂಕಣ ಮಾಡಿ ಬರೆದಿಡಿ: ಇಂಗ್ಲಿಷ್ ಪದ, ರಷ್ಯನ್ ಪದ, ಆ ರಷ್ಯನ್ ಪದವನ್ನು ನೀವು ಕಂಡ ಪ್ರಕಟಿತ ಬರಹ. ಮೂರನೆಯ ಅಂಕಣ ತುಂಬದ ಪದವನ್ನು ನಂಬಬೇಡಿ. ಮ್ಯೂಲರನ ಇಂಗ್ಲಿಷ್–ರಷ್ಯನ್ ನಿಘಂಟು ತಲೆಮಾರುಗಳಿಂದ ಕೈಪಿಡಿಯಾಗಿದೆ, ಅಂತರಜಾಲದಲ್ಲಿ ಮುಲ್ತಿತ್ರಾನ್ ಎಂಬ ನಿಘಂಟು ಇದೆ; ಆದರೆ ನಿಘಂಟು ಹತ್ತು ಅರ್ಥ ಕೊಟ್ಟು ಸುಮ್ಮನಾಗುತ್ತದೆ, ಹತ್ತರಲ್ಲಿ ಯಾವುದನ್ನು ಈ ಶಾಸ್ತ್ರದವರು ಬಳಸುತ್ತಾರೆ ಎಂಬುದನ್ನು ಆ ಶಾಸ್ತ್ರದ ರಷ್ಯನ್ ಪತ್ರಿಕೆಗಳೇ ಹೇಳಬೇಕು. ಆದ್ದರಿಂದ ಇಂಗ್ಲಿಷ್ ಓದಿನಷ್ಟೇ ರಷ್ಯನ್ ಓದೂ ಸಿದ್ಧತೆಯ ಭಾಗ.

ಹೆಸರು, ಅಂಕಿ, ಉಲ್ಲೇಖ

ವಿದ್ವಾಂಸರ ಹೆಸರುಗಳನ್ನು ಕಿವಿಗೆ ಕೇಳಿದಂತೆ ಬರೆಯಬೇಡಿ. ಹಾಬ್ಸ್ ರಷ್ಯನ್ನಿನಲ್ಲಿ ‘ಗೋಬ್ಸ್’, ಹ್ಯೂಮ್ ‘ಯೂಮ್’, ಹೆಗೆಲ್ ‘ಗೇಗೆಲ್’, ಡರ್ಖೀಮ್ ‘ದ್ಯುರ್ಕ್‌ಗೇಯ್ಮ್’. ರೂಢಿ ಏಕರೂಪವಾಗಿದೆ ಎಂದೂ ಹೇಳುವಂತಿಲ್ಲ: ಹೆಗೆಲ್‌ನ ‘ಹ’ ‘ಗ’ ಆಗುತ್ತದೆ, ಹಾಬರ್ಮಾಸ್ ಮಾತ್ರ ‘ಖಬೆರ್ಮಾಸ್’. ಚೀನೀ ಹೆಸರುಗಳಿಗೆ 19ನೆಯ ಶತಮಾನದ ಪಾದ್ರಿ ಪಲ್ಲಾದಿಯವರ ಹೆಸರಿನ ಲಿಪ್ಯಂತರ ಪದ್ಧತಿಯೇ ಇದೆ. ಬೀಜಿಂಗ್ ಮಾತ್ರ ಹಳೆಯ ರೂಢಿಯಂತೆ ‘ಪೆಕೀನ್’ ಆಗಿಯೇ ಉಳಿದಿದೆ. ಹೆಸರುಗಳನ್ನೂ ಮೂರು ಅಂಕಣದ ಪುಸ್ತಕಕ್ಕೆ ಸೇರಿಸಿ.

ಇಂಗ್ಲಿಷ್ ಲೇಖಕರು ರಷ್ಯಾದ ಬಗ್ಗೆಯೇ ಬರೆದಿದ್ದರೆ ಕೆಲಸ ತಿರುಗುಮುರುಗಾಗುತ್ತದೆ. ‘ಕಲೆಕ್ಟಿವ್ ಫಾರ್ಮ್’ ಎಂಬುದನ್ನು ಪದಶಃ ಅನುವಾದಿಸದೆ ‘ಕಲ್ಖೋಜ್’ ಎಂದು ತವರಿಗೆ ಮರಳಿಸಬೇಕು, ರೈತರ ‘ಕಮ್ಯೂನ್’ ಎಂಬುದನ್ನು ‘ಅಬ್‌ಶ್ಚೀನಾ’ ಎಂದು. 1861ರ ‘ಇಮ್ಯಾನ್ಸಿಪೇಶನ್’ ಎಂಬುದು ರಷ್ಯನ್ ಇತಿಹಾಸಕಾರರ ರೂಢಿಯಲ್ಲಿ ಜೀತಹಕ್ಕಿನ ರದ್ದತಿ, ‘ಅತ್ಮೇನಾ ಕ್ರೆಪಸ್ನೋವೊ ಪ್ರಾವಾ’. ತಮ್ಮ ದೇಶದ ಸಂಸ್ಥೆಯನ್ನೇ ಗುರುತಿಸಲಾಗದೆ ಹೊಸ ಹೆಸರಿಡುವ ಪರೀಕ್ಷಾರ್ಥಿಯನ್ನು ಪರೀಕ್ಷಕರು ಕ್ಷಮಿಸುವುದು ಕಷ್ಟ.

ಉಲ್ಲೇಖಗಳ ಬಗ್ಗೆ ಇದಕ್ಕಿಂತ ಸೂಕ್ಷ್ಮವಾದ ಒಂದು ವಿಷಯವಿದೆ. ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರನ ಪ್ರಾಟೆಸ್ಟಂಟ್ ನೀತಿಯ ಕುರಿತ ಗ್ರಂಥವನ್ನು 1930ರಲ್ಲಿ ಇಂಗ್ಲಿಷಿಗೆ ತಂದ ಟಾಲ್ಕಟ್ ಪಾರ್ಸನ್ಸ್, ‘ಉಕ್ಕಿನಷ್ಟು ಗಟ್ಟಿಯಾದ ಹೊರಚಿಪ್ಪು’ ಎಂಬರ್ಥದ ಜರ್ಮನ್ ಪದಗುಚ್ಛವನ್ನು ‘ಐರನ್ ಕೇಜ್’, ಕಬ್ಬಿಣದ ಪಂಜರ, ಎಂದು ಅನುವಾದಿಸಿದರು. ಆ ಪಂಜರ ಲೋಕಪ್ರಸಿದ್ಧವಾಯಿತು. ಅದೇ ಗ್ರಂಥದ ರಷ್ಯನ್ ಅನುವಾದದಲ್ಲಿ ಅದು ‘ಸ್ತಾಲ್ನೋಯ್ ಪಾನ್ತ್ಸಿರ್’, ಉಕ್ಕಿನ ಕವಚ. ನೀವು ಅನುವಾದಿಸುವ ಲೇಖಕ ವೇಬರನನ್ನು ಉದ್ಧರಿಸಿದರೆ ಪ್ರಕಟಿತ ರಷ್ಯನ್ ಅನುವಾದದ ಸಾಲನ್ನೇ ಹುಡುಕಿ ಹಾಕಬೇಕು, ಇಂಗ್ಲಿಷಿನಿಂದ ಮತ್ತೆ ಅನುವಾದಿಸಬಾರದು. ಆದರೆ ಆ ಲೇಖಕನ ವಾದವೇ ಪಂಜರದ ರೂಪಕದ ಮೇಲೆ ನಿಂತಿದ್ದರೆ ಪಂಜರವನ್ನು ಉಳಿಸಿ ಅಡಿಟಿಪ್ಪಣಿಯಲ್ಲಿ ಕವಚವನ್ನು ಹೇಳುವುದು ಸರಿ. ಇಂಥ ಒಂದು ಅಡಿಟಿಪ್ಪಣಿ ನಿಮ್ಮ ಅನುವಾದಕ್ಕೆ ತರುವ ಗೌರವ ಹತ್ತು ಕ್ಲಿಷ್ಟ ಪದಗಳು ತಂದುಕೊಡಲಾರವು.

ಅಂಕಿಗಳು ಸಣ್ಣ ವಿಷಯವೆಂದು ಕಾಣುತ್ತವೆ. ಇಂಗ್ಲಿಷಿನ ಬಿಂದು ರಷ್ಯನ್ನಿನಲ್ಲಿ ಅಲ್ಪವಿರಾಮವಾಗುತ್ತದೆ: 0.05 ಎಂಬುದು 0,05. ಹಾಗಾಗಿ ಇಂಗ್ಲಿಷಿನ 1,250 ಎಂಬ ಸಂಖ್ಯೆಯನ್ನು ಹಾಗೆಯೇ ನಕಲು ಮಾಡಿದರೆ ಸಾವಿರದ ಇನ್ನೂರೈವತ್ತು ಕುಟುಂಬಗಳು ಒಂದೂಕಾಲು ಕುಟುಂಬವಾಗಿಬಿಡುತ್ತವೆ. ರಷ್ಯನ್ ರೂಢಿ ಸಾವಿರದ ಬಳಿ ಅಲ್ಪವಿರಾಮದ ಬದಲು ಖಾಲಿ ಜಾಗ ಬಿಡುವುದು. ‘ಬಿಲಿಯನ್’ ಅಲ್ಲಿ ‘ಮಿಲಿಯಾರ್ದ್’.

ಆ ಒಂದು ಗಂಟೆ

ಪರೀಕ್ಷಾ ಕೋಣೆಯ ಹೊರಗೆ ಸ್ನೇಹಿತರು “ನಿ ಪೂಖಾ ನಿ ಪೆರಾ” ಎಂದು ಹಾರೈಸುತ್ತಾರೆ. ಪುಕ್ಕವೂ ಇಲ್ಲ, ಗರಿಯೂ ಇಲ್ಲ ಎಂಬ ಬೇಟೆಗಾರರ ಹಳೆಯ ಹಾರೈಕೆ ಅದು. ಅದಕ್ಕೆ “ಕ ಚೋರ್ತು”, ‘ಹೋಗು ದೆವ್ವದ ಬಳಿ’, ಎಂದೇ ಉತ್ತರಿಸಬೇಕು, ವಂದನೆ ಹೇಳಿದರೆ ಅಪಶಕುನ. ಒಳಗೆ ಹೋಗಿ ಮೇಜಿನ ಮೇಲೆ ಬೋರಲು ಹಾಕಿದ ‘ಬಿಲ್ಯೇತ್’ಗಳಲ್ಲಿ, ಅಂದರೆ ಪ್ರಶ್ನೆಚೀಟಿಗಳಲ್ಲಿ, ಒಂದನ್ನು ಎತ್ತಿಕೊಳ್ಳುವುದು ಸಾಮಾನ್ಯ ಪದ್ಧತಿ.

60 ನಿಮಿಷ ಸಿಕ್ಕಿದರೆ ಅದನ್ನು ಹೀಗೆ ಹಂಚಿಕೊಳ್ಳಿ. ಮೊದಲ 8–10 ನಿಮಿಷ ನಿಘಂಟನ್ನು ಮುಚ್ಚಿಟ್ಟು ಇಡೀ ಪಠ್ಯವನ್ನು ಎರಡು ಸಲ ಓದಿ. ಎರಡನೆಯ ಸಲ ಕ್ರಿಯಾಪದಗಳಿಗೆ ಗೆರೆ, ಸರಪಳಿಗಳ ಬಾಲಕ್ಕೆ ವೃತ್ತ. ಪಠ್ಯದ ವಾದ ಏನೆಂಬುದನ್ನು ಒಂದು ವಾಕ್ಯದಲ್ಲಿ ಅಂಚಿನಲ್ಲಿ ಬರೆದುಕೊಳ್ಳಿ. ಮುಂದಿನ 35–38 ನಿಮಿಷ ಬರವಣಿಗೆ. ಈ ಹೊತ್ತಿನಲ್ಲಿ ನಿಘಂಟನ್ನು 12–15 ಸಲಕ್ಕಿಂತ ಹೆಚ್ಚು ತೆರೆಯುವುದಿಲ್ಲವೆಂದು ನಿರ್ಧರಿಸಿಕೊಳ್ಳಿ, ಏಕೆಂದರೆ ಪುಟ ಮಗುಚಿ ಪದ ಹುಡುಕಲು ಪ್ರತಿ ಸಲವೂ ಅರ್ಧ ನಿಮಿಷವಾದರೂ ಬೇಕು. ಒಂದು ವಾಕ್ಯ ಬಗ್ಗದಿದ್ದರೆ ಮೂರು ಸಾಲು ಖಾಲಿ ಬಿಟ್ಟು ಮುಂದೆ ಹೋಗಿ. ಮುಂದಿನ ಪ್ಯಾರಾ ಎಷ್ಟೋ ವೇಳೆ ಹಿಂದಿನದನ್ನು ಬಿಡಿಸಿಕೊಡುತ್ತದೆ.

ಉಳಿದ ಹತ್ತು ಹನ್ನೆರಡು ನಿಮಿಷದಲ್ಲಿ ಮೂಲವನ್ನು ಪಕ್ಕಕ್ಕಿಟ್ಟು ರಷ್ಯನ್ ಪ್ರತಿಯನ್ನು ಮಾತ್ರ ಓದಿ, ತುಟಿ ಅಲ್ಲಾಡಿಸುತ್ತಾ ಓದಿ. ಎಡವುವ ಜಾಗದಲ್ಲೆಲ್ಲ ಇಂಗ್ಲಿಷ್ ಅಡಗಿ ಕುಳಿತಿರುತ್ತದೆ. ಅರ್ಥ ಕೆಟ್ಟಿರಬಾರದು, ಅನುವಾದದ ಭಾಷೆಯ ನಿಯಮಕ್ಕೂ ಬಳಕೆಗೂ ಹೊಂದಿರಬೇಕು, ಪರಿಭಾಷೆ ಸರಿಯಿರಬೇಕು ಎಂಬುದು ಪಠ್ಯಕ್ರಮ ಹೇಳುವ ಅಳತೆಗೋಲು. ಈ ಕೊನೆಯ ಓದನ್ನು ಬಿಟ್ಟು ಹೆಚ್ಚು ಸಾಲು ಬರೆಯಲು ಹೋಗುವವರನ್ನು ನಾನು ಒಪ್ಪುವುದಿಲ್ಲ; ಆದರೆ ಪಠ್ಯವನ್ನು ಅರ್ಧಕ್ಕೇ ಬಿಡುವುದೂ ಸರಿಯಲ್ಲ, ಅದಕ್ಕಾಗಿಯೇ ಮನೆಯಲ್ಲಿ ವಾರಕ್ಕೆರಡು ಸಲ ಗಡಿಯಾರ ಇಟ್ಟುಕೊಂಡು 2,500 ಚಿಹ್ನೆಗಳ ಅಭ್ಯಾಸ ಬೇಕು.

ಕಣ್ಣಾಡಿಸುವ ಓದಿನಲ್ಲಿ ಹೆಚ್ಚು ಹೇಳುವುದಕ್ಕೇನಿಲ್ಲ. ಮೊದಲ ವಾಕ್ಯ, ಕೊನೆಯ ವಾಕ್ಯ, ನಡುವೆ ‘ಹೌಎವರ್’ ಎಂಬುದರ ಮುಂದಿನದು, ಇವು ಮೂರು ದಕ್ಕಿದರೆ ಸಾರ ದಕ್ಕಿತು. ಮಾನವಿಕ ಮತ್ತು ಸಮಾಜವಿಜ್ಞಾನದವರು ಅದನ್ನು ಇಂಗ್ಲಿಷಿನಲ್ಲೇ ಹೇಳಬೇಕಾಗುತ್ತದೆ, ಹಾಗಾಗಿ ಓದುವಾಗಲೇ ಸ್ವಂತ ಮಾತಿನ ನಾಲ್ಕು ವಾಕ್ಯಗಳನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕು.

ಕೊನೆಯ ಸಂಭಾಷಣೆಯಲ್ಲಿ ಸುಳ್ಳು ಗೆಳೆಯರು ಈ ಸಲ ಎದುರು ದಿಕ್ಕಿನಿಂದ ಬರುತ್ತಾರೆ. ರಷ್ಯನ್ ಪ್ರಬಂಧವೆಲ್ಲ ‘ಅಕ್ತುಆಲ್ನಸ್ತ್’ನಿಂದ, ಅಂದರೆ ವಿಷಯದ ಪ್ರಸ್ತುತತೆಯಿಂದ ಆರಂಭವಾಗುತ್ತದೆ, ಅದನ್ನು ‘ಆಕ್ಚುಆಲಿಟಿ’ ಎಂದು ಹೇಳುವವರು ಪ್ರತಿ ವರ್ಷವೂ ಇರುತ್ತಾರೆ, ಹೇಳಬೇಕಾದದ್ದು ‘ರೆಲೆವೆನ್ಸ್’. ‘ನಾಊಚ್ನಿ ರುಕವದೀತೆಲ್’ ಎಂಬ ಮಾರ್ಗದರ್ಶಕರನ್ನು ‘ಸೈಂಟಿಫಿಕ್ ಲೀಡರ್’ ಮಾಡಬೇಡಿ, ‘ಸೂಪರ್‌ವೈಸರ್’ ಸಾಕು. ‘ನಾಊಕಾ’ ಎಂಬ ರಷ್ಯನ್ ಪದದಲ್ಲಿ ಇತಿಹಾಸವೂ ತತ್ತ್ವಶಾಸ್ತ್ರವೂ ಸೇರಿವೆ, ಇಂಗ್ಲಿಷಿನ ‘ಸೈನ್ಸ್’ನಲ್ಲಿ ಅವು ಸೇರುವುದಿಲ್ಲ, ಇತಿಹಾಸಕಾರ ತನ್ನನ್ನು ‘ಸೈಂಟಿಸ್ಟ್’ ಎಂದು ಕರೆದುಕೊಂಡರೆ ಕೇಳುವವರಿಗೆ ಪ್ರಯೋಗಾಲಯ ಕಣ್ಣಿಗೆ ಬರುತ್ತದೆ. ಸಂಶೋಧನೆಯ ವಿಷಯ, ಆಕರಗಳು, ವಿಧಾನ, ಈವರೆಗೆ ಕಂಡುಕೊಂಡದ್ದು, ಪ್ರಕಟಿಸಿದ ಲೇಖನಗಳು, ಈ ಐದರ ಮೇಲೆ ಎರಡೆರಡು ನಿಮಿಷ ಮಾತನಾಡುವಷ್ಟು ಸಿದ್ಧತೆ ಇರಲಿ, ಆದರೆ ಬಾಯಿಪಾಠ ಬೇಡ: ಉರುಹೊಡೆದದ್ದೆಂದು ಗೊತ್ತಾದ ಕೂಡಲೇ ಪರೀಕ್ಷಕರು ನಡುವೆ ತಡೆದು ಬೇರೆ ಪ್ರಶ್ನೆ ಹಾಕುತ್ತಾರೆ. ಪ್ರಶ್ನೆ ಅರ್ಥವಾಗದಿದ್ದರೆ ರಷ್ಯನ್ನಿಗೆ ಜಾರದೆ ಇಂಗ್ಲಿಷಿನಲ್ಲೇ ಇನ್ನೊಮ್ಮೆ ಕೇಳಿ.